ತಡವಾಗಿದ್ದಕ್ಕೆ ಕಾರಣ

ಸ್ನೇಹಿತರೇ, ಇವತ್ತು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ನಮ್ಮ ಬಸ್ಸು ದಾರಿಯಲ್ಲೇ ನಿಂತಿತು. ಅದಿರಿನ ಲಾರಿಯೊಂದು ಬೈಕಿನವನ ಮೇಲೆ ಹರಿದಿತ್ತು. ಯಾರೋ ಅವನ ಮುಖಕ್ಕೆ ಟವೆಲ್ ಮುಚ್ಚಿದ್ದರು, ಅದರ ಮೇಲೂ ಆಗಲೇ ಕೆಂಪು ಧೂಳು. ಕಂಡಕ್ಟರ್ ಇಣುಕಿ ನೋಡಿ, "ಮಾಮೂಲಿ ಐತ್ರಿ, ಕುಂದ್ರಿ" ಅಂದ. ಪಕ್ಕದಲ್ಲಿ ಕೂತಿದ್ದ ನನ್ನ ಏಳನೇ ಕ್ಲಾಸಿನ ವಿದ್ಯಾರ್ಥಿನಿ ಸವಿತಾ ನನ್ನ ಸೆರಗು ಹಿಡಿದುಕೊಂಡಳು.

ಶಾಲೆ ಮುಟ್ಟುವಾಗ ಪಾಠ ಶುರುವಾಗಿತ್ತು. ಹೆಡ್ ಮಾಸ್ಟರಿಗೆ ಕಾರಣ ಹೇಳಿದೆ. ಅವರು ಮುಖ ಎತ್ತಲಿಲ್ಲ.

"ಲಾರಿ ಆಕ್ಸಿಡೆಂಟ್ ಅಂತ ದಿನಾ ಯಾರರ ಒಬ್ರು ಹೇಳ್ತೀರಿ, ಮೇಡಂ. ಅದೇನ್ ವಿಶೇಷ? ಬ್ಯಾರೆ ಕಾರಣ ಇದ್ರ ಹೇಳ್ರಿ."

"ಹೊಟ್ಟಿನೋವು ಅಂದ್ರ ನಡೀತದೇನ್ರಿ?" ಸಿಟ್ಟಿನಿಂದಲೇ ಕೇಳಿದೆ.

"ಹಾಂ, ಅದು ಆಗ್ತದ" ಅಂದರು, ಒಂಚೂರೂ ನಗದೆ.

ಇವತ್ತಿನ ಪಾಠ ಸಮಾನಾರ್ಥಕ ಪದಗಳು. ಬೋರ್ಡಿನ ಮೇಲೆ 'ಸಾಮಾನ್ಯ' ಅಂತ ಬರೆದು, ಮುಂದೆ ಸಾಧಾರಣ, ಮಾಮೂಲಿ, ವಾಡಿಕೆ ಅಂತ ಬರೆಯುತ್ತಿದ್ದೆ. ತಡವಾಗಿ ಬಂದಳೆಂದು ಪಿ.ಟಿ. ಮೇಷ್ಟ್ರು ಗೇಟಿನಲ್ಲೇ ನಿಲ್ಲಿಸಿಕೊಂಡಿದ್ದ ಸವಿತಾ ಆಗ ಬಾಗಿಲಿಗೆ ಬಂದಳು. ಗೊತ್ತಿದ್ದೂ ಅಭ್ಯಾಸಬಲದಿಂದ ಕೇಳಿಬಿಟ್ಟೆ.

"ಯಾಕವ್ವಾ ಲೇಟು?"

"ಹೊಟ್ಟಿನೋವು, ಟೀಚರ್."

ಒಳಗೆ ಕರೆದು ಕೂರಿಸಿದೆ. ಆಮೇಲೆ 'ಸಾಮಾನ್ಯ'ದ ಅರ್ಥ ವಿವರಿಸಿದೆ. ಪ್ರತಿ ಪದಕ್ಕೂ ಉದಾಹರಣೆ ಕೊಡಿ ಅಂತ ನನ್ನ ಜೀವ ತಿನ್ನುವ ಮಕ್ಕಳು, ಇವತ್ತು ಒಬ್ಬರೂ ಕೇಳಲಿಲ್ಲ.