ಕಪ್ಪೆಗಳ ಕೋಣೆಯಲ್ಲಿ ತನಿಯನ ನಿದ್ದೆ

ಗಲ್ಫಿನ ಮರುಭೂಮಿಯಲ್ಲಿ, ದುಖಾನ್ ರಸ್ತೆಯಾಚೆಗಿನ ನಮ್ಮ ಕಪ್ಪೆ ಫಾರ್ಮಿನಲ್ಲಿ ಕಪ್ಪೆಗಳಿಗಿದ್ದ ಮರ್ಯಾದೆ ನಮಗಿರಲಿಲ್ಲ. ಅವುಗಳ ಕಾಲಿನ ಮಾಂಸಕ್ಕೆ ವಿದೇಶದಲ್ಲಿ ಗಿರಾಕಿಗಳಿದ್ದರು, ಹಾಗಾಗಿ ಶೆಡ್ಡಿನಲ್ಲಿ ಹಗಲಿರುಳು ಏಸಿ. ನಾವು ಮಲಗುವ ತಗಡಿನ ಕ್ಯಾಬಿನ್ನಿನ ಏಸಿ ಮಾತ್ರ ಬೇಸಿಗೆಯ ಆರಂಭದಲ್ಲೇ ಕೆಟ್ಟು ಕೂತಿತ್ತು.

ಪುತ್ತೂರು ಕಡೆಯ ತನಿಯನಿಗೆ ಐವತ್ತು ದಾಟಿತ್ತು. ರಾತ್ರಿಯಿಡೀ ತೊಟ್ಟಿ ತೊಳೆದು ಹಗಲು ಮಲಗಬೇಕು. ಹಗಲು ಆ ಕ್ಯಾಬಿನ್ನು ಕಾದ ಕಾವಲಿ. ನಿದ್ದೆಯಿಲ್ಲದೆ ಅವನ ಮಾತೇ ತೊದಲತೊಡಗಿತು. ಕೊನೆಗೊಂದು ದಿನ ಶೆಡ್ಡಿನ ಕಿಟಕಿಯಿಲ್ಲದ ಮೂಲೆಕೋಣೆಗೆ ಹೋಗಿ, ದೀಪ ಆರಿಸಿ, ತೊಟ್ಟಿಗಳ ನಡುವೆ ಚಾಪೆ ಹಾಸಿದ. ಮುಂದೆ ಅದೇ ಅಭ್ಯಾಸವಾಯಿತು. ನಾವ್ಯಾರೂ ಬಾಯಿ ಬಿಡಲಿಲ್ಲ.

ಆ ಕೋಣೆಯ ಕಪ್ಪೆಗಳು ದುಂಡಗಾದವು. ಬೆಳಕಿನಲ್ಲಿ ಬೆದರಿ, ಒಂದರ ಮೇಲೊಂದು ಹಾರಿ ಮೈ ಹರಿದುಕೊಳ್ಳುತ್ತಿದ್ದಂಥವು ಕತ್ತಲಲ್ಲಿ ತಿಂದು ತೆಪ್ಪಗಿದ್ದವು. ಮ್ಯಾನೇಜರ್ ನಾಗಾರ್ಜುನ ಬೆಂಗಳೂರಿನವರು, ಪ್ರಾಣಿಶಾಸ್ತ್ರ ಓದಿದವರು. ಕಾರಣ ಹುಡುಕುತ್ತಾ ಒಂದು ಮಧ್ಯಾಹ್ನ ಹೋದವರಿಗೆ ಗೊರಕೆ ಕೇಳಿಸಿತು.

"ಲೈಟ್ ಆಫ್ ಮಾಡ್ತಿದ್ದಿದ್ದು ನೀನಾ? ಭಲೇ!" ಎಂದು ನಕ್ಕರು.

ಆ ನಗು ನಂಬಿ ತನಿಯ ಕೇಳಿಯೇಬಿಟ್ಟ: "ಕ್ಯಾಬಿನ್ನಲ್ಲಿ ಸಾಯುವ ಸೆಕೆ ಮಾರಾಯ್ರೆ. ಇಲ್ಲೊಂದು ಮೂಲೆ ಕೊಟ್ರೆ ಸಾಕಿತ್ತು."

"ನೀನು ಬಿದ್ಕೊಂಡಿರೋದಕ್ಕೇ ರೂಮ್ ಟೆಂಪರೇಚರ್ ಜಾಸ್ತಿಯಾಗಿದೆ ನೋಡು. ಖಲಾಸ್, ಮುಗೀತು, ಎದ್ದೇಳು."

ಅಂದೇ ಎಲ್ಲ ಕೋಣೆಯ ದೀಪಕ್ಕೂ ಟೈಮರ್ ಬಂತು, ಬಾಗಿಲಿಗೆ ಬೀಗ ಬಂತು. ಹಗಲೆಲ್ಲ ಕತ್ತಲು, ಕಪ್ಪೆಗಳಿಗೆ. ವೆಸ್ಟ್ ಬೇಯ ಹೆಡ್ಡಾಫೀಸಿನವರು ನಾಗಾರ್ಜುನರನ್ನು ಹೊಗಳಿದರಂತೆ. ತನಿಯನಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ತನಿಯ ಕ್ಯಾಬಿನ್ನಿನಲ್ಲಿ ಕುಸಿದ. ಮೈ ಸುಡುತ್ತಿತ್ತು, ಬೆವರಿನ ಹನಿಯಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ, ಅವನನ್ನು ಹೊತ್ತು ಶೆಡ್ಡಿಗೆ ಓಡಿದೆವು. ನಾಗಾರ್ಜುನರು ಮೂಲೆಕೋಣೆಯ ಬೀಗ ತೆಗೆದರು, ಅಷ್ಟು ಉಪಕಾರ ಮಾಡಿದರು. ಒದ್ದೆ ನೆಲದ ಮೇಲೆ ಮಲಗಿಸಿ ನಾನು ಸ್ವಿಚ್ಚಿಗೆ ಕೈ ಹಾಕಿದೆ.

"ಲೈಟ್ ಮಾಫಿ, ಹಾಕ್ಬೇಡ! ಕಪ್ಪೆಗಳು ಬೆದರ್ತವೆ. ಮೊಬೈಲ್ ಟಾರ್ಚೂ ಬೇಡ."

ಕೆಲಸ ಹೋಗುವ ಭಯಕ್ಕೆ ಕೈ ಹಿಂದಕ್ಕೆಳೆದೆ. ತಡಕಾಡಿ, ತಲೆಯೆಲ್ಲಿ ಎದೆಯೆಲ್ಲಿ ಎಂದು ಹುಡುಕಿ ಬಕೆಟ್ಟುಗಟ್ಟಲೆ ನೀರು ಸುರಿದೆವು. "ತಂಪಾಯ್ತಾ ತನಿಯಣ್ಣ?" ಎಂದು ಕೇಳುತ್ತಲೇ ಇದ್ದೆವು.

ಆಂಬುಲೆನ್ಸಿನವರು ಬಂದು ಯಾರನ್ನೂ ಕೇಳದೆ ದೀಪ ಹಾಕಿದರು. ಆಗ ಕಂಡಿತು, ನಾವು ನೀರು ಸುರಿಯುತ್ತಿದ್ದದ್ದು ಹೆಣದ ಮೇಲೆ.