ನೇಪಲ್ಸ್ ಊರಿನ ಆಳ

ಇಟಲಿಯಲ್ಲಿ ನರ್ಸಾಗಿರುವ ಮೊಮ್ಮಗಳು ಸುಮ ಇವತ್ತು ನನ್ನನ್ನು ಸಮುದ್ರದಂಚಿನ ನೇಪಲ್ಸ್ ತೋರಿಸಲು ಕರೆದುಕೊಂಡು ಹೋಗಿದ್ದಳು ಕಣ್ರಪ್ಪ. ಅಲ್ಲಿ ನೆಲದಡಿ ಹಳೇ ಸುರಂಗಗಳಿವೆ. ಬಾಗಿಲಲ್ಲೇ ಗೈಡು ನನ್ನನ್ನು ತಡೆದ.

"ಬಾಳ ಆಳವಂತೆ ಅಜ್ಜಿ, ವಯಸ್ಸಾದೋರು ಮೇಲೇ ಕೂತ್ಕೋಬೇಕಂತೆ," ಅಂದಳು ಸುಮ.

"ನಿಮ್ ತಾತ ಕೋರಮಂಡಲ್ ಚಿನ್ನದ ಗಣಿಯಾಗೆ ಬಂಡೆ ಮುಟ್ಟಿದ್ರೆ ಕೈ ಸುಡೋವಷ್ಟು ಆಳಕ್ಕೆ ದಿನಾ ಇಳೀತಿದ್ರು. ಅವರ ಎಂಡ್ತಿ ಮೆಟ್ಲಿಗೆ ಎದರ್ತಾಳಾ? ಅಂಗಂತ ಹೇಳೇ ಅವನಿಗೆ."

ಹೇಳಿದಳು. ದಾರಿ ಬಿಟ್ಟ. ಸೀರೆ ಎತ್ತಿ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ಇಳಿದೆ. ಕೆಳಗೆ ಗೈಡು ಜಂಬದಿಂದ, ಹೇಗಿದೆ ಎಂದು ಕೇಳಿದ. ನಾನು ಗೋಡೆ ಮುಟ್ಟಿ ನೋಡಿದೆ.

"ಇನ್ನೂ ತಣ್ಣಗೈತಲ್ಲೇ ಸುಮ, ಆಳ ಎಲ್ಲಿಂದ ಶುರು ಅಂತ ಕೇಳು."

ಅವಳು ಅದನ್ನು ಏನೆಂದು ಹೇಳಿದಳೋ, ಅವನು ಖುಷಿಯಿಂದ ನನಗೆ ತಲೆಬಾಗಿದ. ನಮ್ಮ ಹುಡುಗಿಗೆ ಎರಡೂ ಊರಿನ ಮರ್ಯಾದೆ ಉಳಿಸುವುದು ಗೊತ್ತು.