ಅತ್ತೆಯ ಹೆಸರಿನಡಿ ಎಮ್ಮೆ

ಹೊಂಗನೂರಿಗೆ ಸೊಸೆಯಾಗಿ ಬಂದ ಮೇಲೆ ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಊರಿನ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಬದಲು ಗೊಂಬೆ ಅಂಗಡಿಯೊಂದರ ಮಹಡಿಯಲ್ಲಿದ್ದ ಸೈಬರ್ ಸೆಂಟರಿಗೆ ಹೋಗುವುದು ರೂಢಿಯಾಯಿತು. ನನ್ನ ವೆಬ್‌ಸೈಟು ಹುಟ್ಟಿದ್ದು ಅಲ್ಲಿ. ಅದರಲ್ಲಿ ದೊಡ್ಡ ವಿಷಯವೇನೂ ಇರಲಿಲ್ಲ. ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತು, ಮನೆಯ ರೇಷ್ಮೆಹುಳು, ಮಕ್ಕಳು ಪರೀಕ್ಷೆಯಲ್ಲಿ ಬರೆದ ವಿಚಿತ್ರ ಉತ್ತರಗಳು. ಎಲ್ಲೆಲ್ಲಿಂದಲೋ ಕೆಲವರು ಓದುತ್ತಿದ್ದರು, ಯಾರೆಂದು ಗೊತ್ತಿರಲಿಲ್ಲ.

ಮೊದಮೊದಲು ಒಂದೊಂದು ಪುಟವನ್ನೂ ಕೈಯಲ್ಲೇ ಕಟ್ಟುತ್ತಿದ್ದೆ. ಆಮೇಲೆ, ಬರೆದದ್ದನ್ನೆಲ್ಲ ತಾನೇ ಜೋಡಿಸಿ, ತಾರೀಖು ಹಾಕಿ, ಪುಟ ಮಾಡಿ ತೋರಿಸುವ ತಂತ್ರಾಂಶವೊಂದು ಪುಕ್ಕಟೆ ಸಿಗುತ್ತದೆಂದು ತಿಳಿಯಿತು. ಹಾಕಿ ನೋಡಿದೆ. ನನ್ನ ಕನ್ನಡವೆಲ್ಲ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ನಿಂತಿತು. ಕನ್ನಡ ಸರಿಯಾಗಿ ಮೂಡುತ್ತಿದ್ದದ್ದು ಅದರ ಮುಂದಿನ ಆವೃತ್ತಿಯಲ್ಲಿ ಮಾತ್ರ. ಆ ಆವೃತ್ತಿ ಇನ್ನೂ ಬಿಡುಗಡೆಯಾಗಿರಲಿಲ್ಲ. ಬೇಕಾದವರು ಪರೀಕ್ಷೆಗೆಂದು ಇಳಿಸಿಕೊಳ್ಳಬಹುದಿತ್ತು.

ಸೈಬರ್ ಸೆಂಟರಿನ ಮಾಲೀಕರು ನಡುವಯಸ್ಸಿನ ಸಾಹೇಬರು, ತಲೆಮಾರುಗಳಿಂದ ಲೇತ್ ಯಂತ್ರದಲ್ಲಿ ಮರ ಕಡೆದು ಗೊಂಬೆ ಮಾಡಿಕೊಂಡು ಬಂದ ಮನೆಯವರು. ಅವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಮೇಡಂ, ಇದು ಇನ್ನಾ ಲೇತಿನ ಮೇಲೇ ಇದೆ. ಇಳಿಸಿಲ್ಲ. ಕೈ ಹಾಕಿದ್ರೆ ಕುಯ್ಯುತ್ತೆ" ಎಂದರು.

"ಕನ್ನಡ ಬರ್ತಿದೆಯಲ್ಲ ಸಾರ್" ಎಂದೆ.

ಕನ್ನಡವೇನೋ ಬಂತು. ಆದರೆ ವಾರಕ್ಕೊಂದು ಹೊಸ ತಿದ್ದುಪಡಿಯೂ ಬಂತು. ಒಂದನ್ನು ಹಾಕಿದರೆ ಫೋಟೊಗಳು ಕಾಣೆಯಾಗುತ್ತಿದ್ದವು. ಇನ್ನೊಂದನ್ನು ಹಾಕಿದರೆ ಫೋಟೊ ಮರಳಿ ಬಂದು ತಾರೀಖುಗಳು ಕೆಡುತ್ತಿದ್ದವು. ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಹಿಂದಕ್ಕೆ ಹೋಗಿ ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಇಲ್ಲಿ ಹಿಂದಕ್ಕೆ ಹೋಗುವ ದಾರಿಯೇ ಕಾಣುತ್ತಿರಲಿಲ್ಲ.

ಹೀಗಿರುವಾಗ ಒಂದೇ ದಿನ ಎರಡು ಬರಹ ಹಾಕಿದೆ. ಒಂದಕ್ಕೆ 'ನಮ್ಮತ್ತೆ' ಎಂದು ಹೆಸರು, ಇನ್ನೊಂದಕ್ಕೆ 'ನಮ್ಮೆಮ್ಮೆ'. ಪಕ್ಕದಲ್ಲಿಟ್ಟರೆ ಚೆಂದ ಎಂದು ಅನ್ನಿಸಿತ್ತು. ಕೆಲವು ದಿನಗಳಾದ ಮೇಲೆ ಒಂದು ಸಂಜೆ ಹೊಸ ತಿದ್ದುಪಡಿ ಹಾಕಿ, ಬಸ್ಸು ತಪ್ಪೀತೆಂದು ಪುಟಗಳನ್ನು ತೆರೆದು ನೋಡದೆಯೇ ಎದ್ದು ಓಡಿದೆ.

ಮುಂದಿನ ಭಾನುವಾರ ನನ್ನ ನಾದಿನಿಯ ಗಂಡ ಬಂದರು. ಬಿಡದಿಯ ಹತ್ತಿರ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಅವರಿಗೆ ಕೆಲಸ. ಊಟದ ವಿರಾಮದಲ್ಲಿ ಅಲ್ಲಿನ ಕಂಪ್ಯೂಟರಿನಲ್ಲಿ ನನ್ನ ಬರಹ ಓದುತ್ತಾರೆಂದು ನನಗೆ ಗೊತ್ತಿರಲಿಲ್ಲ. ಯಾವತ್ತೂ ನಗುನಗುತ್ತಾ ಬರುವವರು ಅಂದು ಮುಖ ಬಿಗಿದುಕೊಂಡಿದ್ದರು. ಕೈಯಲ್ಲಿ ಎರಡು ಹಾಳೆ. ಅತ್ತೆ ಜಗಲಿಯ ಮೇಲೆ ಕೂತು ರೇಷ್ಮೆಯ ಮರಿಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ.

"ನಿಮ್ ಸೊಸೆ ನಿಮ್ಮ ಮ್ಯಾಲೆ ಬರ್ದವ್ರೆ ಅತ್ತೆ. ಲೋಕವೆಲ್ಲ ಓದ್ತಾ ಐತೆ. ನೀವೂ ಒಸಿ ಕೇಳಿ" ಎಂದು ಅವರು ನಿಂತೇ ಓದಿದರು. "ನಮ್ಮತ್ತೆ. ಬೆಳಗಾದರೆ ಇವಳ ಕೂಗಿಗೆ ಬೀದಿಯೇ ಏಳುತ್ತದೆ. ಹೊತ್ತಿಗೆ ಸರಿಯಾಗಿ ಹಿಂಡಿ ಇಡದಿದ್ದರೆ ಹತ್ತಿರ ಹೋದವರನ್ನು ಒದೆಯುತ್ತಾಳೆ. ಮಾರಿಬಿಡೋಣವೆಂದು ಸಂತೆಗೂ ಹೊಡೆದುಕೊಂಡು ಹೋಗಿದ್ದೆವು. ಯಾರೂ ಕೊಳ್ಳಲಿಲ್ಲ."

ಹುಳುಮನೆಯ ಬಾಗಿಲಲ್ಲಿದ್ದ ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ. ಅವರು ಒಳಗೆ ಹೋಗಿಬಿಟ್ಟರು. ಅಕ್ಷರ ನನ್ನದೇ, ಹೆಸರೂ ನಾನೇ ಇಟ್ಟದ್ದು, ಆದರೆ ಹಾಗೆ ನಾನು ಬರೆದಿರಲಿಲ್ಲ.

ಮೊದಲು ಅರ್ಥವಾದದ್ದು ಅತ್ತೆಗೆ. ಕುಡುಗೋಲು ಕೆಳಗಿಟ್ಟು, "ಅದು ನಮ್ಮೆಮ್ಮೆ ಕಣಪ್ಪ. ನಾನ್ಯಾವಾಗ ಹಿಂಡಿ ತಿಂದೆ?" ಎಂದರು.

"ಮ್ಯಾಲೆ ನಿಮ್ಮೆಸ್ರು ಐತಲ್ಲ."

ನಾನು ವಿವರಿಸಲು ಹೊರಟೆ. ಬರಹದ ಹೆಸರು ಒಂದು ಕಡೆ ಇರುತ್ತದೆ, ಒಡಲು ಇನ್ನೊಂದು ಕಡೆ. ತಂತ್ರಾಂಶ ಎರಡನ್ನೂ ಜೋಡಿಸುವಾಗ ಅದಲುಬದಲಾಗಿರಬೇಕು. ಅದು ಇನ್ನೂ ಬಿಡುಗಡೆಯಾಗಿಲ್ಲ. ಹೇಳುತ್ತಾ ಹೋದಂತೆ ನನಗೇ ನನ್ನ ಮಾತು ಕಟ್ಟುಕಥೆಯಂತೆ ಕೇಳಿಸತೊಡಗಿತು.

"ಬಿಡುಗಡೆ ಆಗ್ದಿರೋದ್ನ ಯಾಕ್ ಇಟ್ಕಂಡ್ರಿ?" ಎಂದು ನಾದಿನಿಯ ಗಂಡ ಕೇಳಿದರು. "ನಮ್ ಫ್ಯಾಕ್ಟ್ರೀಲಿ ಸೀಲ್ ಬೀಳ್ದೆ ಒಂದ್ ಬೋಲ್ಟೂ ಗೇಟ್ ದಾಟಾಕಿಲ್ಲ."

"ಕನ್ನಡ ಬರಲಿ ಅಂತ."

"ಬಂತಲ್ಲ ಚೆನ್ನಾಗಿ" ಎಂದು ಅವರು ಹಾಳೆಯನ್ನೇ ನೋಡಿದರು.

ಅತ್ತೆ ಅಷ್ಟಕ್ಕೆ ಬಿಡಲಿಲ್ಲ. "ಹಂಗಾರೆ ನನ್ನ ಮ್ಯಾಲೆ ಬರ್ದಿದ್ದು ಎಮ್ಮೆ ಎಸ್ರಲ್ಲಿ ಇರ್ಬೇಕಲ್ಲ? ಅದ್ನೂ ಓದು."

ನನಗೆ ಸಮಾಧಾನವಾಯಿತು. ಅದನ್ನು ನಾನು ಬಹಳ ಪ್ರೀತಿಯಿಂದ ಬರೆದಿದ್ದೆ. ಅವರು ಎರಡನೆಯ ಹಾಳೆ ಓದಿದರು. ಹಾಲುತೊಂಡೆ ರೋಗ ತಗುಲಿ, ಗೂಡು ಕಟ್ಟಲು ಇನ್ನೇನು ಎರಡು ದಿನ ಎನ್ನುವಾಗ ಹುಳುವೆಲ್ಲ ಸತ್ತದ್ದು. ಅತ್ತೆ ಯಾರಿಗೂ ಏನೂ ಅನ್ನದೆ ಸತ್ತ ಹುಳು ಬಾಚಿ ಗುಂಡಿಗೆ ಹಾಕಿ ಮುಚ್ಚಿದ್ದು. ಮಧ್ಯಾಹ್ನ ಹುಳುಮನೆಯ ಹಿಂದೆ ಒಬ್ಬರೇ ಗೋಡೆಗೆ ಹಣೆಯಿಟ್ಟು ಅತ್ತದ್ದು. ಮಾರನೆಯ ದಿನ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟು, ಹೊಸ ಮರಿಹುಳು ತರಲು ಮಗನನ್ನು ಕಳಿಸಿದ್ದು.

ನಾದಿನಿಯ ಗಂಡನ ದನಿ ಮೆತ್ತಗಾಯಿತು. ಹಾಳೆ ಮಡಿಸಿ, "ಚೆನ್ನಾಗ್ ಬರ್ದವ್ರೆ ಅತ್ತೆ" ಎಂದರು.

ಅತ್ತೆಯ ಮುಖ ನಾನೆಣಿಸಿದಂತೆ ಅರಳಲಿಲ್ಲ. ಹೆಚ್ಚಿದ ಸೊಪ್ಪನ್ನು ಮೊರಕ್ಕೆ ಬಾಚಿಕೊಂಡು ಎದ್ದರು. "ಎಮ್ಮೇದು ಇರ್ಲಿ" ಎಂದರು. "ಇದ್ನ ತೆಗ್ದಾಕು."

"ಯಾಕತ್ತೆ?"

"ತೆಗ್ದಾಕು ಅಂದೆನಲ್ಲ."

ಒದೆಯುತ್ತಾಳೆ, ಕೊಳ್ಳುವವರಿಲ್ಲ ಎಂಬುದು ತಮ್ಮ ಹೆಸರಿನಡಿ ಇದ್ದರೆ ಬೇಸರವಿಲ್ಲ, ಇದು ಬೇಡ ಎಂದರೆ ನನಗೆ ತಲೆಬುಡ ತಿಳಿಯಲಿಲ್ಲ. ಗಂಡನನ್ನು ಕೇಳಿದೆ. "ಅವ್ವ ಹೇಳಿದ್ಮೇಲೆ ತೆಗಿ, ಅಷ್ಟೇ" ಎಂದರು. ಅವರಿಗೂ ತಿಳಿದಂತಿರಲಿಲ್ಲ.

ಸೋಮವಾರ ಶಾಲೆ ಬಿಟ್ಟೊಡನೆ ಮಹಡಿ ಹತ್ತಿದೆ. 'ನಮ್ಮೆಮ್ಮೆ' ಎಂಬುದನ್ನು ಆರಿಸಿ ಅಳಿಸು ಒತ್ತಿದೆ. ಹೆಸರು ಹೋಯಿತು, ಜೊತೆಗೆ ಎಮ್ಮೆಯ ಬರಹವೂ ಹೋಯಿತು. ಅತ್ತೆಯ ಬರಹ ಮಾತ್ರ ಉಳಿದು, 'ನಮ್ಮತ್ತೆ' ಎಂಬ ಹೆಸರಿನಡಿ ನೆಟ್ಟಗೆ ಬಂದು ಕೂತಿತು. ಎಲ್ಲ ಸರಿಯಾಗಿತ್ತು. ಅವರು ಬೇಡವೆಂದದ್ದೇ ಸರಿಯಾಗಿತ್ತು. ಮತ್ತೆ ಅಳಿಸು ಒತ್ತಿದರೆ ಅಂಥ ಬರಹ ಇಲ್ಲವೇ ಇಲ್ಲ ಎಂದು ತೋರಿಸಿತು. ಇಲ್ಲದ ಬರಹ ಕಣ್ಣೆದುರಿಗೇ ಇತ್ತು. ಅಷ್ಟರಲ್ಲಿ ಅದರ ಕೆಳಗೆ ಯಾರೋ ಅಪರಿಚಿತರು, ಇಂಥ ಅತ್ತೆ ಸಿಗಲು ಪುಣ್ಯ ಬೇಕು ಎಂದು ಬೇರೆ ಬರೆದಿದ್ದರು.

ಆ ತಂತ್ರಾಂಶ ಮಾಡುವವರ ಚರ್ಚೆಯ ಪುಟಕ್ಕೆ ಹೋಗಿ, ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು. ಯಾವ ದೇಶದವರೋ, ಅವರ ಇಂಗ್ಲಿಷೂ ನನ್ನಷ್ಟೇ ಇತ್ತು. ತಿಳಿಸಿದ್ದಕ್ಕೆ ವಂದನೆ, ಈ ತೊಂದರೆ ನಮಗೆ ಗೊತ್ತಿದೆ, ಈ ಆವೃತ್ತಿಯನ್ನು ನಿಜವಾದ ಸೈಟಿಗೆ ಬಳಸಬಾರದು, ನಿಮ್ಮದು ನಿಜವಾದ ಸೈಟೇ ಎಂದು ಕೇಳಿದ್ದರು. ಮತ್ತೆ ನನ್ನ ಸೈಟು ತೆರೆದು ಅಳಿಸು ಒತ್ತಿ ನೋಡಿದೆ.

ಸಾಹೇಬರು ಚಹಾದ ಲೋಟ ಹಿಡಿದು ಬಂದು ನೋಡಿದರು. "ತೆಗೆಯಕ್ಕೆ ಬಿಡದಿದ್ರೆ ತೆಗೀಬೇಡಿ ಮೇಡಂ. ತಿದ್ದಕ್ಕೆ ಬಿಡ್ತದಲ್ಲ? ಒಳಗಡೆ ಇರೋದು ಪೂರಾ ಅಳಿಸಿ ಖಾಲಿ ಮಾಡಿ."

ಹಾಗೆಯೇ ಮಾಡಿದೆ. 'ನಮ್ಮತ್ತೆ' ಎಂಬ ಹೆಸರು ನಿಂತಿತು, ಅದರ ಕೆಳಗೆ ಬಿಳಿ. ಅಪರಿಚಿತರ ಹೊಗಳಿಕೆ ಆ ಬಿಳಿಯ ಕೆಳಗೆ ಹಾಗೇ ಉಳಿಯಿತು. ಕೆಲವು ತಿಂಗಳ ಮೇಲೆ ಆ ಆವೃತ್ತಿ ನಿಜವಾಗಿಯೇ ಬಿಡುಗಡೆಯಾಯಿತು, ಹಾಕಿಕೊಂಡೆ, ಮುಂದೆ ಅಂಥ ತೊಂದರೆ ಬರಲಿಲ್ಲ.

ಖಾಲಿ ಮಾಡಿದ ದಿನ ಮನೆಗೆ ಬಂದಾಗ ಅತ್ತೆ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದರು. ನಾನೂ ಸೀರೆ ಎತ್ತಿ ಕಟ್ಟಿ ಪಕ್ಕದ ಸಾಲಿಗಿಳಿದೆ.

"ತೆಗ್ದಾಯ್ತು ಅತ್ತೆ."

"ಹ್ಞೂ" ಎಂದರು. ಸಾಲಿನ ಕೊನೆಯವರೆಗೂ ಕುಯ್ಯುತ್ತಾ ಹೋದೆವು. ಅಲ್ಲಿ ಅವರು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತು, "ಹುಳುಮನೆ ಹಿಂದೆ ನನ್ನ ಎಲ್ಲಿಂದ ನೋಡ್ದೆ?" ಎಂದು ಕೇಳಿದರು.

"ಬಚ್ಚಲ ಕಿಟಕಿಯಿಂದ."

"ಹುಳಕ್ಕೆ ಅಳ್ತಾವ್ಳೆ ಅಂದ್ಕಂಡಾ?"

"ಹೌದು. ಅಲ್ವಾ ಮತ್ತೆ?"

ಅವರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ನಾನೇನಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದಂತೆಯೂ ಇತ್ತು, ಹೇಳದಿದ್ದರೆ ಸಾಕು ಎನ್ನುವಂತೆಯೂ ಇತ್ತು.

"ಹುಳ ಎಷ್ಟ್ ಸಲ ಸತ್ತಿಲ್ಲ ಈ ಮನೇಲಿ" ಎಂದರು. "ಅದಕ್ಕೆಲ್ಲ ಅಳಕ್ಕಾಯ್ತದಾ?"

"ಹಾಗಾದ್ರೆ ಯಾತಕ್ಕೆ ಅತ್ತೆ?"

ಅವರು ಬಗ್ಗಿ ಸೊಪ್ಪಿನ ಹೊರೆಗೆ ಹಗ್ಗ ಬಿಗಿದರು. "ಎತ್ತು, ತಲೆ ಮ್ಯಾಲಿಡು. ಸೊಪ್ಪು ಬಾಡ್ತದೆ" ಎಂದರು. ನಾನು ಹೊರೆ ಎತ್ತಿ ಅವರ ತಲೆಯ ಮೇಲಿಟ್ಟೆ. ಎಮ್ಮೆಯ ಒದೆತ ಅವರದಲ್ಲವೆಂದು ಕೇಳಿದವರಿಗೆಲ್ಲ ತಿಳಿಯುತ್ತಿತ್ತು, ನಾನು ಬರೆದ ಅಳು ಅವರದಲ್ಲವೆಂದು ತಿಳಿದಿದ್ದದ್ದು ಅವರೊಬ್ಬರಿಗೇ. ಅವರು ಮುಂದೆ ನಡೆದರು.